ತೆರೆಯದ ಮೊದಲ ಪುಟ

೨೦೦೪ರಲ್ಲಿ ನಾನು ಮೂಡುಬಿದಿರೆಯ ಒಂದು ಸಂಶೋಧನಾ ಕೇಂದ್ರದಲ್ಲಿ, ಕಂಪ್ಯೂಟರ್ ಜಾಲಗಳ ವಿಭಾಗದ ಹಿರಿಯ ಸಂಶೋಧಕನಾಗಿದ್ದೆ. ಈ ಬರಹಕ್ಕೆ ಕುಳಿತಾಗ, ಇಲ್ಲಿ ಹೇಳಹೊರಟ ಘಟನೆ ನಡೆದದ್ದು ೨೦೦೩ರಲ್ಲಿ ಎಂದು ನನ್ನ ನೆನಪು ಹೇಳುತ್ತಿತ್ತು. ಅಂದು ನಮ್ಮ ಗ್ರಂಥಪಾಲಕರಾಗಿದ್ದ ಹಮೀದ್ ಅವರನ್ನು ವಿಚಾರಿಸಿದೆ. ಕೇಂದ್ರಕ್ಕೆ ಲೀಸ್ಡ್ ಲೈನ್, ಅಂದರೆ ದಿನವಿಡೀ ಕಡಿಯದ ಇಂಟರ್‌ನೆಟ್ ಸಂಪರ್ಕ, ಬಂದ ಮೇಲಿನ ಮೊದಲ ಮಳೆಗಾಲವದು ಎಂದು ಅವರು ತಿದ್ದಿದರು. ಲೈನ್ ಬಂದದ್ದು ೨೦೦೩ರ ಕೊನೆಯಲ್ಲಿ. ಹಾಗಾಗಿ ೨೦೦೪ ಎಂದೇ ಬರೆಯುತ್ತಿದ್ದೇನೆ.

ಪ್ರಕರಣವನ್ನು ತಂದವರೂ ಹಮೀದರೇ. ಬಂಟ್ವಾಳದಲ್ಲಿದ್ದ ಅವರ ತಂಗಿ ಜೊಹರಾರ ಮನೆಯಲ್ಲಿ ಬ್ರೌಸರ್ ತೆರೆದುಕೊಳ್ಳಲು ವಿಪರೀತ ತಡವಾಗುತ್ತಿತ್ತು. ಹತ್ತಿರದ ಬಿ.ಸಿ. ರೋಡ್ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯವರು ಯಂತ್ರವನ್ನು ಮೂರು ಸಲ ಒಯ್ದು, ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಕೂರಿಸಿದ್ದರು. ಅಂಗಡಿಯಲ್ಲಿ ಅದು ತಟ್ಟನೆ ತೆರೆಯುತ್ತಿತ್ತು. ಮನೆಗೆ ಬಂದರೆ ಮತ್ತೆ ಅದೇ ಕಥೆ.

"ನೀವು ಒಮ್ಮೆ ಬನ್ನಿ ಸರ್," ಎಂದರು ಹಮೀದ್. "ಭಾವ ಶುಕ್ರವಾರ ಮಾತ್ರ ಸಿಗುವುದು. ಇದು ತೆರೆಯುವಷ್ಟರಲ್ಲಿ ಅವರ ಸಮಯ ಮುಗಿದಿರ್ತದೆ. ತಂಗಿ ಅವರ ಮುಖ ನೋಡದೆ ಎರಡು ತಿಂಗಳಾಯ್ತು."

ಜೊಹರಾರ ಗಂಡ ಮೊಯ್ದೀನ್ ಸೌದಿಯ ಒಂದು ಗುತ್ತಿಗೆ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಅಲ್ಲಿಯ ಶುಕ್ರವಾರ ಮಧ್ಯಾಹ್ನದ ಜುಮಾ ನಮಾಜು ಮುಗಿಯುವಾಗ ಇಲ್ಲಿ ಸಂಜೆಯ ಚಹಾದ ಹೊತ್ತು. ಅವರು ಇಂಟರ್‌ನೆಟ್ ಕೆಫೆಯಲ್ಲಿ ಕುಳಿತು ಕ್ಯಾಮೆರಾದ ಮುಂದೆ ಬರಬೇಕು, ಇವರು ಮನೆಯಲ್ಲಿ ಚಾಟ್ ಪುಟ ತೆರೆಯಬೇಕು. ಬೆನ್ನ ಹಿಂದೆ ಸರದಿ ಕಾಯುವವರಿರುವುದರಿಂದ ಅವರಿಗೆ ಸಿಗುತ್ತಿದ್ದದ್ದು ಸ್ವಲ್ಪವೇ ಹೊತ್ತು. ನಡುವೆ ಬರುತ್ತಿದ್ದ ಫೋನೂ ಈಚೆಗೆ ವಿರಳವಾಗಿತ್ತು.

ನಾನು ಹೋದದ್ದು ಒಂದು ಬುಧವಾರ. ನೇತ್ರಾವತಿ ಮೈದುಂಬಿ ಹರಿಯುತ್ತಿತ್ತು. ಕಂಪ್ಯೂಟರನ್ನು ನೆರೆ ಬಂದೀತೆಂಬ ಮುಂಜಾಗ್ರತೆಗೆ ಎತ್ತರದ ಮೇಜಿನ ಮೇಲೆ ಇಟ್ಟಿದ್ದರು. ಜೊಹರಾ ಮೋಡೆಮ್ ಮೂಲಕ ಸಂಪರ್ಕ ಪಡೆದು ಬ್ರೌಸರ್ ಒತ್ತಿದರು. ಬಿಳಿ ಪರದೆ ಬಂತು. ಮರಳುಗಡಿಯಾರದ ಚಿಹ್ನೆ ನಿಂತೇ ಇತ್ತು.

"ಇದು ಮಿಷನಲ್ಲ ಮಾಷ್ಟ್ರೇ, ಮದುವೆ ಮನೆಯ ಹಿರಿಯಳಿಯ," ಎಂದರು ಒಳಗಿನಿಂದ ಮೊಯ್ದೀನರ ತಾಯಿ ಆಯಿಶಮ್ಮ. "ಎಷ್ಟು ಕರೆದರೂ ಏಳುವುದಿಲ್ಲ."

ನಾನು ನಿಲ್ಲಿಸುವ ಗುಂಡಿಯತ್ತ ಕೈ ಚಾಚಿದೆ. ಜೊಹರಾ ತಡೆದರು. "ಬೇಡ ಸರ್. ನಡುವೆ ಏನೂ ಒತ್ತಬಾರದು ಅಂತ ರಜೆಗೆ ಬಂದಾಗ ಅವರು ಹೇಳಿ ಹೋಗಿದ್ದಾರೆ."

ಆಗ ನನಗೆ ಗುಮಾನಿ ಬಂತು. ಯಂತ್ರ ಅಂಗಡಿಯಿಂದ ಬಂದ ಕೂಡಲೇ ಮೊದಲು ಏನು ಮಾಡುತ್ತೀರಿ ಎಂದು ಕೇಳಿದೆ. "ಅವರ ಪುಟ ಹಾಕ್ತೇನೆ," ಎಂದರು ಅವರು, ಅದೇನು ಕೇಳುವ ವಿಷಯ ಎಂಬಂತೆ. ಹಿಂದಿನ ರಜೆಯಲ್ಲಿ ಬಂದಿದ್ದ ಮೊಯ್ದೀನ್ ತಮ್ಮ ಕಂಪೆನಿಯ ಜಾಲತಾಣವನ್ನೇ ಹೋಮ್ ಪೇಜ್, ಅಂದರೆ ಬ್ರೌಸರ್ ತೆರೆದಾಗ ತಾನಾಗಿ ಮೊದಲು ಬರುವ ಪುಟ, ಮಾಡಿಟ್ಟಿದ್ದರು. ಅದರಲ್ಲಿ ಕೆಲಸಗಾರರ ಗುಂಪುಚಿತ್ರವಿತ್ತು. ಎರಡನೆಯ ಸಾಲಿನಲ್ಲಿ ಅವರು ನಿಂತಿದ್ದರು. ಕಂಪ್ಯೂಟರ್ ಹಾಕಿದೊಡನೆ ತಾಯಿಗೆ ಮಗನ ಮುಖ ಕಾಣಬೇಕೆಂಬುದು ಏರ್ಪಾಡು. ಅಂಗಡಿಯವರು ಅಳಿಸಿದ ಆ ವಿಳಾಸವನ್ನು ಜೊಹರಾ ಬಾಯಿಪಾಠದಿಂದ ಮತ್ತೆ ಮತ್ತೆ ಸೇರಿಸುತ್ತಿದ್ದರು. ಈಚೆಗೆ ಚಿತ್ರ ಬರುತ್ತಿರಲಿಲ್ಲ. ಯಂತ್ರ ನಿಧಾನವಾದ್ದರಿಂದ ಬರುತ್ತಿಲ್ಲ ಎಂದು ಮನೆಯವರು ತಿಳಿದಿದ್ದರು.

ವಾಸ್ತವ ತಿರುವುಮುರುವಾಗಿತ್ತು. ಆ ವಿಳಾಸದಲ್ಲಿ ಉತ್ತರ ಕೊಡುವ ಸರ್ವರ್ ಇರಲಿಲ್ಲ. ಬ್ರೌಸರ್ ಬಾರದ ಉತ್ತರಕ್ಕಾಗಿ ಕಾದು, ಸೋತು, ಆಮೇಲಷ್ಟೇ ಇವರ ಕೈಗೆ ಸಿಗುತ್ತಿತ್ತು. ಇದನ್ನು ನಿಶ್ಚಯಪಡಿಸಿಕೊಳ್ಳದೆ ಹೇಳುವುದು ಸರಿಯಲ್ಲವೆಂದು, ಶುಕ್ರವಾರ ಬಂದು ಸರಿಪಡಿಸುವುದಾಗಿ ಮಾತು ಕೊಟ್ಟು ಹೊರಟೆ.

ಮರುದಿನ ಕೇಂದ್ರದ ಲೈನಿನಿಂದ ಪರೀಕ್ಷಿಸಿದೆ. ಅಲ್ಲಿಯೂ ಉತ್ತರವಿಲ್ಲ. ಜಾಲತಾಣದ ಹೆಸರಿನ ನೋಂದಣಿಯ ಅವಧಿ ಮುಗಿದಿತ್ತು, ಯಾರೂ ನವೀಕರಿಸಿರಲಿಲ್ಲ. ಹಮೀದರನ್ನು ಕರೆದು ತೋರಿಸಿದೆ.

"ಪುಟ ಇಲ್ಲ ಎಂಬುದಷ್ಟೇ ನನಗೆ ಗೊತ್ತು. ಕಂಪೆನಿಯೇ ಇಲ್ಲ ಎಂದು ನಾನು ಹೇಳಲಾರೆ."

"ಎರಡಕ್ಕೂ ನಡುವೆ ಎಷ್ಟು ದೂರ ಉಂಟು ಸರ್?" ಎಂದರು ಹಮೀದ್. ವೇಣೂರಿನ ಒಬ್ಬರು ಅದೇ ಕಂಪೆನಿಯಲ್ಲಿದ್ದರೆಂದೂ ಅವರ ಮನೆಯಲ್ಲಿ ವಿಚಾರಿಸುವೆನೆಂದೂ ಹೇಳಿ, ಅವರು ಬೆಳ್ತಂಗಡಿಯ ಬಸ್ಸು ಹಿಡಿದರು.

ಶುಕ್ರವಾರ ಹಮೀದ್ ಇನ್ನೂ ಮರಳಿರಲಿಲ್ಲ. ನಾನೊಬ್ಬನೇ ಬಂಟ್ವಾಳಕ್ಕೆ ಹೋಗಿ, ಹಳೆಯ ಪುಟ ಈಗ ಇಲ್ಲವೆಂದಷ್ಟೇ ಹೇಳಿ, ಜೊಹರಾರ ಒಪ್ಪಿಗೆ ಕೇಳಿ, ಹೋಮ್ ಪೇಜನ್ನು ಖಾಲಿ ಪುಟಕ್ಕೆ ಬದಲಿಸಿದೆ. ಬ್ರೌಸರ್ ಒತ್ತಿದ ಕ್ಷಣವೇ ತೆರೆಯಿತು.

"ಅಲ್ಲಾ! ಇಷ್ಟೇಯಾ?" ಎಂದು ಜೊಹರಾ ನಕ್ಕರು. ನನ್ನ ವೃತ್ತಿಯಲ್ಲಿ ಇಷ್ಟು ನಿಚ್ಚಳವಾದ ಯಶಸ್ಸು ಅಪರೂಪ, ನಾನೂ ನಕ್ಕಿರಬೇಕು. ಅವರು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಕ್ಯಾಮೆರಾದ ಮುಂದೆ ಕುಳಿತರು. ಆಯಿಶಮ್ಮ ಕುರ್ಚಿ ಎಳೆದುಕೊಂಡರು. ಚಾಟ್ ಪುಟದಲ್ಲಿ ಮೊಯ್ದೀನರ ಹೆಸರು ಬೂದು ಬಣ್ಣದಲ್ಲಿತ್ತು. ಇನ್ನೂ ಬಂದಿಲ್ಲವೆಂದು ಅದರ ಅರ್ಥ.

ಚಹಾ ಬಂತು, ತಣಿಯಿತು. ಹೆಸರಿನ ಬಣ್ಣ ಬದಲಾಗಲಿಲ್ಲ.

"ಜನ ಹೆಚ್ಚಿರಬಹುದು ಅಲ್ಲಿ," ಎಂದೆ. ಆಯಿಶಮ್ಮ ನನ್ನನ್ನು ನೋಡದೆಯೇ ಹೇಳಿದರು: "ಇಷ್ಟು ದಿನ ಮಿಷನಿಗೆ ಬೈತಾ ಇದ್ದೆವು ಮಾಷ್ಟ್ರೇ. ಇನ್ನು ಯಾರಿಗೆ ಬೈಯುವುದು?"

ಜೊಹರಾ ತಿರುಗಿದರು. "ಸರ್, ಆ ಪುಟ ಯಾಕೆ ಇಲ್ಲ?"

ನನಗೆ ತಿಳಿದಷ್ಟನ್ನು, ಅದಕ್ಕಿಂತ ಒಂದು ಮಾತೂ ಹೆಚ್ಚಿಲ್ಲದೆ, ಹೇಳಿದೆ. ಅವರು ಕೇಳಿಸಿಕೊಂಡರು. ಕ್ಯಾಮೆರಾದ ತಂತಿಯನ್ನು ಕಳಚಿ, ಅಚ್ಚುಕಟ್ಟಾಗಿ ಸುತ್ತಿಟ್ಟರು.

ಹಮೀದ್ ವೇಣೂರಿನಿಂದ ತಂದ ಸುದ್ದಿ ನಮ್ಮ ಅನುಮಾನವನ್ನು ನಿಜಗೊಳಿಸಿತು. ಕಂಪೆನಿ ಮುಚ್ಚಿ ತಿಂಗಳುಗಳೇ ಆಗಿದ್ದವು. ಮಾಲೀಕರು ಪಾಸ್‌ಪೋರ್ಟ್‌ಗಳನ್ನು ಹಿಂತಿರುಗಿಸದೆ ಮಾಯವಾಗಿದ್ದರು. ಮೊಯ್ದೀನ್ ಯಾರದೋ ಗೋದಾಮಿನಲ್ಲಿ, ಕಾಗದಪತ್ರಗಳಿಲ್ಲದೆ, ಮೂಟೆ ಹೊರುತ್ತಿದ್ದರು. ಗೊತ್ತಾದ ಮೇಲೆ ಹಮೀದ್ ಸುಮ್ಮನಿರಲಿಲ್ಲ. ರಾಯಭಾರ ಕಚೇರಿಯ ಮೂಲಕ ಅವರನ್ನು ಊರಿಗೆ ಕರೆಸಲು ೨೦೦೫ರ ಬೇಸಿಗೆಯವರೆಗೆ ಓಡಾಡಿದರು.

ಮೊಯ್ದೀನರನ್ನು ನಾನು ಕಂಡದ್ದು ಒಮ್ಮೆ ಮಾತ್ರ, ಬಂಟ್ವಾಳದ ಪೇಟೆಯಲ್ಲಿ. ತೀರ ಸೊರಗಿದ್ದರು. "ಫೋನಿನಲ್ಲಿ ಸುಳ್ಳು ಹೇಳಬಹುದು ಸರ್," ಎಂದರು. "ಕ್ಯಾಮೆರಾದಲ್ಲಿ ಮುಖ ಕಾಣ್ತದೆ. ಮನೆ ಮಿಷನ್ ಹಾಳಾಗಿದೆ ಅಂತ ಕೇಳಿದಾಗ ನನಗೆ ಉಸಿರು ಬಂದ ಹಾಗೆ ಆಗಿತ್ತು."

ದೋಷದ ಮೂಲ ಕಂಡುಹಿಡಿಯುವುದೇ ಪರಿಹಾರವೆಂದು ನಾನು ಅಲ್ಲಿಯವರೆಗೆ ನಂಬಿದ್ದೆ, ತರಬೇತಿಗಳಲ್ಲಿ ಹಾಗೆಯೇ ಕಲಿಸಿಯೂ ಇದ್ದೆ. ಆ ನಂಬಿಕೆ ಯಂತ್ರದ ಮಟ್ಟಿಗೆ ತಪ್ಪಲ್ಲ. ಆದರೆ ಆಮೇಲೆ ಯಾರ ಮನೆಗೆ ಹೋದರೂ ಯಂತ್ರ ಸರಿಯಾದ ಕೂಡಲೇ ಎದ್ದು ಬರಲಿಲ್ಲ. ಅವರು ಯಾರಿಗಾಗಿ ಅದನ್ನು ತೆರೆಯುತ್ತಾರೆಂದು ಕೇಳಿ, ಆ ಕಡೆಯಿಂದ ಒಂದು ದನಿ ಬರುವವರೆಗೆ ಕುಳಿತಿದ್ದೆ. ಕೆಲವು ಮನೆಗಳಲ್ಲಿ ತುಂಬ ಹೊತ್ತು ಕುಳಿತಿರಬೇಕಾಯಿತು.