ಎಳೆಗೂಸುಗಳ ವಾರ್ಡಿನ ಬಾಗಿಲು

ಕೋವಿಡ್ ಹಾವಳಿ ಇಳಿದ ಮರುವರ್ಷ ನಾನು ರಾಯಚೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಕ್ಸೆಸ್ ಕಂಟ್ರೋಲ್ ಮೇಲ್ವಿಚಾರಕನಾಗಿದ್ದೆ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಯಂತ್ರ ಕಾಯ್ದು ನಿವೃತ್ತನಾದವನಿಗೆ ಈಗ ಬಾಗಿಲು ಕಾಯುವ ಕೆಲಸ. ಆಪರೇಷನ್ ಥಿಯೇಟರ್, ಔಷಧಿ ಕೋಣೆ, ಎಳೆಗೂಸುಗಳ ವಾರ್ಡು, ಎಲ್ಲ ಬಾಗಿಲಿಗೂ ಬೆರಳಚ್ಚಿನ ರೀಡರ್ ಇತ್ತು. ಯಾರ ಬೆರಳಿಗೆ ಯಾವ ಬಾಗಿಲು ತೆರೆಯಬೇಕೆಂಬುದನ್ನು ನೆಲಮಾಳಿಗೆಯ ಒಂದೇ ಸರ್ವರ್ ತೀರ್ಮಾನಿಸುತ್ತಿತ್ತು. ಅದು ಮುಖ ನೋಡಿ ಮಣೆ ಹಾಕುವುದಿಲ್ಲ ಎಂಬುದು ನನಗೆ ಬಲು ಮೆಚ್ಚುಗೆಯ ಸಂಗತಿ.

ಎಳೆಗೂಸುಗಳ ವಾರ್ಡಿಗೆ ನಿಯಮ ಇನ್ನೂ ಬಿಗಿ. ಸೋಂಕು ತಗುಲಬಾರದು, ಕೂಸು ಅದಲುಬದಲಾಗಬಾರದು ಎಂದು ಒಂದು ಕೂಸಿಗೆ ಮನೆಯ ಇಬ್ಬರ ಬೆರಳಚ್ಚನ್ನು ಮಾತ್ರ ತೆಗೆದುಕೊಳ್ಳುತ್ತಿದ್ದೆವು.

ಒಂದು ಮುಂಜಾನೆ ಆ ಬಾಗಿಲಿನಿಂದ ನನ್ನ ಪರದೆಗೆ ‘ಗುರುತಿಲ್ಲ’ ಎಂಬ ಕೆಂಪು ಸಾಲು ಒಂದರ ಹಿಂದೊಂದು ಬರತೊಡಗಿತು. ಯಾರೋ ನುಗ್ಗಲು ನೋಡುತ್ತಿದ್ದಾರೆಂದು ಸಿಡಿಮಿಡಿಗೊಂಡು ಮೇಲೆ ಹೋದೆ. ದೇವದುರ್ಗ ಕಡೆಯ ಹುಲಿಗೆಮ್ಮ ಎಂಬ ಬಾಣಂತಿ ಒಂದು ಕೈಯಲ್ಲಿ ಹೊಟ್ಟೆಯ ಹೊಲಿಗೆ ಹಿಡಿದು, ಇನ್ನೊಂದರಿಂದ ರೀಡರ್ ಒತ್ತುತ್ತಾ ನಿಂತಿದ್ದಳು.

“ಎಷ್ಟ್ ಒತ್ತಿದ್ರೂ ತೆಗೀವಲ್ದು ಯಪ್ಪಾ. ಇವತ್ತು ಕೂಸಿಗೆ ಎದಿಹಾಲು ಕುಡಿಸಂತ ಡಾಕ್ಟರ್ ಹೇಳ್ಯಾರ” ಎಂದಳು.

ತೂಕ ಕಡಿಮೆಯಿದ್ದ ಕೂಸನ್ನು ಹುಟ್ಟಿದೊಡನೆ ಇಲ್ಲಿಗೆ ತಂದಿದ್ದರು. ತಾಯಿ ಇನ್ನೂ ಅದರ ಮುಖ ಕಂಡಿರಲಿಲ್ಲ. ಒಳಗಿನ ನರ್ಸ್ ಬಂದು, ಆಕೆಯ ಕೈಪಟ್ಟಿಯ ಸಂಖ್ಯೆಯನ್ನು ಕೂಸಿನ ಕಾಲಿನ ಪಟ್ಟಿಗೆ ತಾಳೆ ನೋಡಿದಳು.

“ತಾಯಿ ಹೌದ್ರಿ ಸರ್. ಆದ್ರ ಸಿಸ್ಟಮ್‌ನಾಗ ಇಲ್ಲಲ್ರಿ.”

ಸಿಸ್ಟಮ್‌ನಲ್ಲಿ ಇದ್ದದ್ದು ಗಂಡ ಮತ್ತು ಮಾವ. ಆಸ್ಪತ್ರೆಯವರು ಮನೆಯವರ ಬೆರಳು ಕೇಳಿದಾಗ, ಆಧಾರ್‌ಗೆ, ರೇಷನ್ನಿಗೆ ಕೊಟ್ಟಂತೆ ಗಂಡಸರು ಮುಂದೆ ಬಂದು ಕೊಟ್ಟಿದ್ದರು. ತಾಯಿಯದು ಯಾಕಿಲ್ಲ ಎಂದು ನಮ್ಮಲ್ಲೂ ಯಾರೂ ಕೇಳಲಿಲ್ಲ. ಒಮ್ಮೆ ಬಾಗಿಲು ತೆಗೆಸುವುದು ಸುಲಭ. ಆದರೆ ಹಗಲೂ ರಾತ್ರಿ ಎರಡು ತಾಸಿಗೊಮ್ಮೆ ಹಾಲೂಡಿಸಬೇಕಿತ್ತು. ಆಕೆಯ ಬೆರಳಚ್ಚು ಸೇರಿಸಲು ಆ ಇಬ್ಬರಲ್ಲಿ ಒಬ್ಬರದನ್ನು ತೆಗೆದುಹಾಕಬೇಕಾಯಿತು.

“ಮಾವಾರ್ದು ತೆಗೀಬ್ಯಾಡ್ರಿ, ಬ್ಯಾಸರಾ ಮಾಡ್ಕೋತಾರ. ನಾ ಇಲ್ಲೇ ಗಾಜಿನ್ಯಾಗಿಂದ ನೋಡ್ತೀನಿ” ಎಂದಳು ಹುಲಿಗೆಮ್ಮ.

ನನಗೆ ಸಿಟ್ಟು ಬಂತು. ಆಕೆಯ ಮೇಲೋ, ಮಾವನ ಮೇಲೋ, ನಾನು ಹೊಗಳುತ್ತಿದ್ದ ಸರ್ವರ್ ಮೇಲೋ ತಿಳಿಯಲಿಲ್ಲ. ಗಂಡನ ಫೋನ್ ಹತ್ತಲಿಲ್ಲ. ಮಾವ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅವರಿಗೆ ಫೋನ್ ಮಾಡಿ, ಜಗಳಕ್ಕೆ ಸಿದ್ಧನಾಗಿಯೇ ವಿಷಯ ಹೇಳಿದೆ. ಗಿರಣಿಯ ಸದ್ದಿನಿಂದ ಹೊರಗೆ ಬಂದು ಅವರು ಇನ್ನೊಮ್ಮೆ ಹೇಳಿಸಿಕೊಂಡರು.

“ನಂದು ತೆಗೀರಿ ಸಾಹೇಬ್ರ” ಎಂದರು ಕೊನೆಗೆ. “ನನ್ನ ಬೆರಳೇನು ಹಾಲು ಕುಡಸ್ತದ? ಮೊದ್ಲ ಆಕಿನ್ನ ಒಳಗ ಕಳಸ್ರಿ.”

ಜಗಳಕ್ಕೆಂದು ಕೂಡಿಟ್ಟ ಮಾತೆಲ್ಲ ನನ್ನಲ್ಲೇ ಉಳಿಯಿತು. ನಾಚಿಕೆಯಾಯಿತು, ಸಂತೋಷವೂ ಆಯಿತು. ಹುಲಿಗೆಮ್ಮನ ಬೆರಳು ದಾಖಲಿಸಿದೆ. ಹಸಿರು ದೀಪ ಹತ್ತಿ ಬಾಗಿಲು ತೆರೆಯಿತು. ಆಕೆ ಮಾತ್ರ ನಿಂತಲ್ಲೇ ನಿಂತು ನನ್ನ ಕಡೆ ತಿರುಗಿದಳು.

“ಒಳಗ ಹೋಗ್ಲೇನ್ರಿ?”

ಯಾರನ್ನು ಹೊರಗಿಡಬೇಕೆಂದು ಯೋಚಿಸುವುದೇ ಭದ್ರತೆ ಎಂದು ನಾನು ನಂಬಿದ್ದೆ. ಒಳಗೆ ಯಾರು ಇರಲೇಬೇಕು ಎಂಬುದನ್ನು ಮೊದಲು ಕೇಳಬೇಕೆಂದು ಆ ಬಾಗಿಲು ಕಲಿಸಿತು. ಅಂದಿನಿಂದ ದಾಖಲಿಸುವ ಪುಟ್ಟ ರೀಡರನ್ನು ತಾಯಿಯ ಮಂಚಕ್ಕೇ ಒಯ್ಯುತ್ತಿದ್ದೆವು. ಬೆರಳಚ್ಚು ತೆಗೆದುಕೊಳ್ಳುವಾಗ ಪ್ರತಿಯೊಬ್ಬಳಿಗೂ ನಾನೇ ಹೇಳುತ್ತಿದ್ದೆ: “ಯವ್ವಾ, ಇನ್ಮ್ಯಾಲ ಯಾರನ್ನೂ ಕೇಳಬ್ಯಾಡ. ಸೀದಾ ಒಳಗ ಹೋಗು.”