ಬಂದೈತಿ ಎಂಬ ಒಂದು ಮಾತು

ಇವತ್ತು ಬೆಳಿಗ್ಗೆ ಚಪಾತಿ ಹಿಟ್ಟು ನಾದುತ್ತಿದ್ದೆ. ಬಾಗಿಲ ಸಂದಿಯಿಂದ ಸುಟ್ಟ ಕಟ್ಟಿಗೆಯ ವಾಸನೆ ಒಳಗೆ ಬಂತು. ನಮ್ಮ ಗೋರೆಗಾಂವ್ ಬಿಲ್ಡಿಂಗಿನಲ್ಲಿ ಎದುರಿನ ಫ್ಲ್ಯಾಟನ್ನು ಯಾರೋ ಹೊಸಬರು ತಗೊಂಡಿದ್ದಾರೆ. ವಾರದಿಂದ ಅಲ್ಲಿ ಕಪಾಟು, ಮಂಚ, ಅಡುಗೆಮನೆಯ ಕಟ್ಟೆಯ ಕೆಲಸ. ಇವತ್ತು ಸಾಗುವಾನಿಗೆ ಬ್ಲೇಡು ಹಚ್ಚಿದ್ದರು ಅಂತ ಕಾಣುತ್ತದೆ. ನಿಮಗೆ ಆ ವಾಸನೆ ಇಷ್ಟವಿರಬಹುದು. ಹೊಸ ಮನೆ, ಹೊಸ ಕಪಾಟು, ಯಾರಿಗೆ ಬೇಡ? ನನಗೆ ಮಾತ್ರ ಆ ವಾಸನೆ ಬೇಡ.

ನಮ್ಮ ಮನೆಯವರು ಪೇಪರ್ ಮಡಚಿಟ್ಟು ಚಪ್ಪಲಿ ಮೆಟ್ಟಿದರು.

"ಎಲ್ಲಿಗ್ರೀ?"

"ಇಲ್ಲೇ."

ಈ 'ಇಲ್ಲೇ' ಎಲ್ಲಿ ಅಂತ ನನಗೆ ಗೊತ್ತು. ರಿಟೈರ್ ಆದ ಮೇಲೆ ಊರಲ್ಲಿರುವ ಕಟ್ಟಿಗೆ ಕೊಯ್ಯುವ ಕಟರ್ ಮಷೀನುಗಳೆಲ್ಲ ತಮ್ಮ ಸುಪರ್ದಿಯಲ್ಲಿವೆ ಅಂತ ಅವರು ತಿಳಿದುಕೊಂಡಿದ್ದಾರೆ. ಆ ಕಾರ್ಪೆಂಟರಿಗೂ ಇನ್ನು ಮೊಂಡು ಬೆರಳಿನ ಕೈ ತೋರಿಸುತ್ತಾರೆ, ಏನಾಯಿತು ಅಂತ ಅವನು ಕೇಳುತ್ತಾನೆ, ಇವರು ಆ ಹಳೇ ಜೋಕು ಹೊಡೆಯುತ್ತಾರೆ. ಆ ಜೋಕು ನನಗೆ ಆಗಿಬರುವುದಿಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತೆ. ಅವರು ಆ ಮಾತಿಗೆ ಬರುವುದರೊಳಗೆ ಹಿಂದಿನದನ್ನು ನಿಮಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ನಮ್ಮ ಮನೆಯವರು ಹುಟ್ಟಿ ಬೆಳೆದದ್ದು ಗ್ರಾಂಟ್ ರೋಡಿನ ಒಂದು ಚಾಳಿನಲ್ಲಿ, ಸಾಲು ಕೋಣೆಗಳಿಗೆಲ್ಲ ಒಂದೇ ಗ್ಯಾಲರಿ, ಒಂದೇ ನಳ. ಮನೆಯಲ್ಲಿ ಕನ್ನಡ, ಗ್ಯಾಲರಿಯಲ್ಲಿ ಮರಾಠಿ, ಕೆಳಗೆ ರಸ್ತೆಯಲ್ಲಿ ಹಿಂದಿ. ಮೂರೂ ಸೇರಿ ಅವರ ಬಾಯಲ್ಲಿ ಒಂದು ಚಿತ್ರಾನ್ನ. ನಾನು ವಿಜಾಪುರದವಳು. ಮದುವೆಯಾಗಿ ಬಂದ ಹೊಸತರಲ್ಲಿ ಅವರು ಫ್ಯಾನ್ ಬಂದ್ ಮಾಡು, ನಳ ಬಂದ್ ಮಾಡು, ಕಡೆಗೆ ಬಾಯಿ ಬಂದ್ ಮಾಡು ಅನ್ನುವುದನ್ನೆಲ್ಲ ಕೇಳಿಸಿಕೊಂಡೆ. ಹಾಗಂತ ನಮ್ಮೂರಲ್ಲಿ ಬಂದ್ ಇಲ್ಲ ಅಂತಲ್ಲ. ಅಂಗಡಿ ಬಂದ್ ಇರುತ್ತದೆ, ರಸ್ತೆ ಬಂದ್ ಇರುತ್ತದೆ. ಆದರೆ ಕರೆಂಟು ಮತ್ತು ನೀರು ನಮ್ಮಲ್ಲಿ ಬರುತ್ತವೆ, ಹೋಗುತ್ತವೆ. ಬೀಗರ ಹಾಗೆ ಅವು ಯಾವಾಗ ಬರುತ್ತವೋ ಅಂತ ಕಾದು ಕೂತವರು ನಾವು. ಬಂದ ಕೂಡಲೇ ಓಣಿಗೆಲ್ಲ ಕೇಳುವ ಹಾಗೆ "ಬಂದೈತಿ" ಅಂತ ಕೂಗುವವರು. ಮುಂಬೈಯಲ್ಲಿ ಕರೆಂಟು ಹೋಗುವುದೇ ಅಪರೂಪ. ಹೋಗದಿದ್ದದ್ದು ಬಂತು ಅಂತ ಯಾರು ಹೇಳಬೇಕು? ಇಲ್ಲಿ ಅದು ಚಾಲೂ ಇರುತ್ತದೆ, ಇಲ್ಲವೇ ಬಂದ್ ಇರುತ್ತದೆ.

ನಿಂತಿದೆ ಅನ್ನಲು ಒಂದು, ಬಂದಿದೆ ಅನ್ನಲು ಇನ್ನೊಂದು, ಈಗ ನೀವೇ ಬಾಯಿಬಿಟ್ಟು ಹೇಳಿನೋಡಿ. 'ಬಂದ್ ಐತಿ'. 'ಬಂದೈತಿ'.

ಮದುವೆಯಾದ ಹೊಸತರಲ್ಲೇ ಇದರಿಂದ ಒಂದು ಸಲ ಮನೆಯವರೆಲ್ಲ ಸ್ನಾನವಿಲ್ಲದೆ ಕೂತಿದ್ದೆವು. ಗ್ಯಾಲರಿಯ ನಳದ ಮುಂದೆ ನಿಂತು ನಾನು "ನಳಾ ಬಂದೈತ್ರಿ" ಅಂದೆ, ಬಕೆಟ್ ತನ್ನಿ ಎಂಬ ಅರ್ಥದಲ್ಲಿ. ಇವರು ಬಾಯಲ್ಲಿ ಬ್ರಶ್ ಇಟ್ಟುಕೊಂಡೇ "ಠೀಕ" ಅಂದು, ನಳ ಬಂದ್ ಅಂತ ತಿಳಿದು ಬಕೆಟ್ ಒಳಗಿಟ್ಟರು. ನಾನು ಒಳಗೆ ಬಂದು, ಇವರು ಯಾಕೆ ಹೋಗಲಿಲ್ಲ ಅಂತ ವಿಚಾರಿಸಿ ತಿಳಿಯುವ ಹೊತ್ತಿಗೆ ನಳ ಬುಸ್ ಅಂತ ಗಾಳಿ ಬಿಡುತ್ತಿತ್ತು. ಅತ್ತೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವೂ ನಕ್ಕು ಮರೆತೆವು.

ಆಮೇಲೆ ಇವರು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಗಾಳಾ ಹಿಡಿದರು. ಕಾರ್ಖಾನೆ ಹಾಕಲು ಕೊಡುವ ಉದ್ದನೆಯ ಕೋಣೆಗೆ ಇಲ್ಲಿ ಗಾಳಾ ಅನ್ನುತ್ತಾರೆ. ಬಾಗಿಲು, ಚೌಕಟ್ಟು ಮಾಡುವ ಕೆಲಸ. ಊರಿಂದ ನನ್ನ ತಮ್ಮ ಶಿವು ಬಂದು ಇವರ ಜೊತೆ ಸೇರಿದ. ಇವರನ್ನು 'ಮಾಮಾ' ಅಂತ ಕರೆಯುತ್ತ, ನೆರಳಿನಂತೆ ಹಿಂದೆಯೇ ಇರುತ್ತಿದ್ದ. ತವರಿನವನೊಬ್ಬ ಕಣ್ಣಮುಂದೆ ಇದ್ದಾನೆ ಅಂತ ನನಗೂ ಸುಖ.

ಇವರದು ಆತುರದ ಸ್ವಭಾವ. ಕಟರಿನ ಬ್ಲೇಡಿನ ಮೇಲೆ ಕೈ ತಾಗದಂತೆ ಒಂದು ಗಾರ್ಡ್ ಇರುತ್ತದೆ. ಅದನ್ನು ಬಂದ ದಿನವೇ ಬಿಚ್ಚಿ ಮೂಲೆಗೆ ಒಗೆದಿದ್ದರು. "ಗಾರ್ಡ್ ಇದ್ರ ಕಾಮ್ ಸ್ಲೋ ಆಗ್ತದ" ಅಂತ. ಉದ್ದ ತೋಳಿನ ಶರ್ಟು, ಕೈಯಲ್ಲಿ ವಾಚು, ಕಾಲಲ್ಲಿ ರಬ್ಬರ್ ಚಪ್ಪಲಿ. ಮೊಳೆ ಚಪ್ಪಲಿ ದಾಟಿ ಅಂಗಾಲಿಗೆ ಹೋದದ್ದೆಷ್ಟು ಸಲವೋ. ಕಣ್ಣಿಗೆ ಬಿದ್ದ ಪುಡಿಯನ್ನು ನಾನು ಸೆರಗಿನ ತುದಿಯಿಂದ ತೆಗೆದದ್ದೆಷ್ಟು ಸಲವೋ. ಒಂದು ದಿನ ಬ್ಲೇಡು ಒದ್ದ ಕಟ್ಟಿಗೆಯ ಚೂರು ಇವರ ಕಿವಿಯ ಪಕ್ಕದಲ್ಲೇ ಹಾದು ಗೋಡೆಯ ಮೇಲಿನ ದೇವರ ಫೋಟೋದ ಗಾಜು ಒಡೆಯಿತು. "ನೋಡು, ದೇವರು ತನ್ನ ಮೈಮೇಲೆ ತಗೊಂಡಾ" ಅಂತ ಮನೆಗೆ ಬಂದು ಹೆಮ್ಮೆಯಿಂದ ಹೇಳಿದರು. "ದೇವರಿಗೆ ಎಷ್ಟ ಸಲಾ ಗಾಜು ಹಾಕಸ್ತೀರಿ? ಆ ಗಾರ್ಡ್ ಹಾಕ್ರಿ" ಅಂದೆ. ಹಾಕಿದ್ದು ಹೊಸ ಗಾಜು ಮಾತ್ರ.

ಬೆರಳು ಹೋದ ಆ ದಿನ ಇವರು ಊಟದ ಡಬ್ಬಿ ಮರೆತು ಹೋಗಿದ್ದರು. ಅದನ್ನು ತಗೊಂಡು ನಾನೇ ಕಾಂದಿವಲಿಗೆ ಹೋದೆ. ಮಳೆಗಾಲ. ಕಟ್ಟಿಗೆ ಹಸಿಯಾಗಿತ್ತು. ಬ್ಲೇಡು ಅರ್ಧಕ್ಕೆ ಸಿಕ್ಕಿಕೊಂಡಿರುವಾಗಲೇ ಎಸ್ಟೇಟಿನ ಕರೆಂಟು ಹೋಯಿತು. ಅಷ್ಟೊಂದು ಮಷೀನುಗಳು ಒಮ್ಮೆಲೇ ಸುಮ್ಮನಾದರೆ ಕಿವಿಗೆ ಹೆದರಿಕೆಯಾಗುತ್ತದೆ. ಶಿವು ನಮ್ಮೂರ ರೂಢಿಯಂತೆ ಬಾಗಿಲ ಹತ್ತಿರದ ಮೇನ್ ಸ್ವಿಚ್ಚನ್ನು ಕೆಳಗೆಳೆದ. ಹೋದ ಕರೆಂಟು ಬರುವಾಗ ಝಾಡಿಸಿ ಬಂದು ಮಷೀನು ಸುಡುತ್ತದೆ, ಅದಕ್ಕೆ. ಇವರು ಮಾತ್ರ ಕಟರಿನ ಬಟನ್ ಚಾಲೂ ಇದ್ದ ಹಾಗೇ ಬಿಟ್ಟರು. ಬಿಡುವು ಸಿಕ್ಕಿತಲ್ಲ, ಸಿಕ್ಕಿಕೊಂಡ ಚೂರು ತೆಗೆಯೋಣ ಅಂತ ಬ್ಲೇಡಿನ ಮೇಲೆ ಬಗ್ಗಿದರು. ನಾನು ಮೂಲೆಯ ಮೇಜಿನ ಮೇಲೆ ಡಬ್ಬಿ ಬಿಚ್ಚುತ್ತಿದ್ದೆ.

ಮೀಟರಿನ ಮೇಲೆ ಒಂದು ಸಣ್ಣ ಬಲ್ಬು ಇತ್ತು. ಕರೆಂಟು ಬಂದರೆ ಮೊದಲು ಉರಿಯುವುದು ಅದು. ಶಿವು ಅದನ್ನೇ ನೋಡುತ್ತ ನಿಂತಿದ್ದ. ಅದು ಹೊತ್ತಿತು. ಅದೇ ಗಳಿಗೆಗೆ ಇವರು ಬಗ್ಗಿದಲ್ಲಿಂದಲೇ, ತಲೆ ಎತ್ತದೆ, ಕೇಳಿದರು.

"ಶಿವು, ಬಂದ್ ಐತಿ?"

"ಹೂಂ ಮಾಮಾ, ಬಂದೈತಿ."

"ಠೀಕ."

ನನ್ನ ಕಿವಿಗೂ ಬಿತ್ತು. ನಾನೂ ವಿಜಾಪುರದವಳೇ ಅಲ್ಲವೇ, ಕರೆಂಟು ಬಂತು ಅಂತಲೇ ತಿಳಿದು ಚಟ್ನಿಯ ಡಬ್ಬಿ ಬಿಚ್ಚಿದೆ. ಮಾಮಾ ಠೀಕ ಅಂದನಲ್ಲ ಅಂತ ಶಿವು ಮೇನ್ ಮೇಲೆತ್ತಿದ. ಇವರು ಕೈ ಒಳಗೆ ಹಾಕಿದರು.

ಕಟ್ಟಿಗೆ ಕೊಯ್ಯುವ ಸಪ್ಪಳ ನಿಮಗೆ ಗೊತ್ತು. ಇದು ಅದಲ್ಲ. ಇವರು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಯಾರೋ ಬೇರೆಯವರದ್ದು ಅನ್ನುವ ಹಾಗೆ ಅದನ್ನು ನೋಡುತ್ತ ನಿಂತಿದ್ದರು. ಶಿವು ಮೇನ್ ಎಳೆದ. ನಾನು ಸೆರಗಿನಿಂದ ಬಿಗಿಯಾಗಿ ಸುತ್ತಿ ಕೈ ಮೇಲೆತ್ತಿ ಹಿಡಿದೆ. ಪಕ್ಕದ ಗಾಳಾದವರೊಬ್ಬರು ಓಡಿಬಂದು, ತುಂಡು ಹುಡುಕಿ, ತುಂಡು ಹುಡುಕಿ ಅಂತ ಹಿಂದಿಯಲ್ಲಿ ಹೇಳಿದಾಗ ಶಿವು ಮಂಡಿಯೂರಿ ಕಟ್ಟಿಗೆಯ ಹೊಟ್ಟಿನೊಳಗೆ ಕೈಯಾಡಿಸಿದ. ತೋರುಬೆರಳಿನದು, ನಡುಬೆರಳಿನದು. ಆ ಮನುಷ್ಯನೇ ಹೇಳಿದಂತೆ ಒಗೆದ ನ್ಯಾಪ್ಕಿನ್ನಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸಿನ ಮೇಲೆ ಇಟ್ಟೆವು. ಐಸು ನೇರ ತಾಗಬಾರದಂತೆ, ನೆನಪಿಡಿ. ಐಸು ತಂದದ್ದು ರಸ್ತೆಯ ಜ್ಯೂಸಿನವನಿಂದ. ಹಾಕಿದ್ದು ನಮ್ಮ ಊಟದ ಡಬ್ಬಿಯಲ್ಲಿ. ಅನ್ನ ಹೊರಗೆ ಸುರುವಿದ್ದು ನನಗೆ ನೆನಪಿದೆ. ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗಲೆಲ್ಲ ಶಿವು ಕೆಳಗಿಳಿದು ಮುಂದಿನ ಗಾಡಿಗಳವರಿಗೆ ಕೈ ಮುಗಿಯುತ್ತಿದ್ದ.

ತೋರುಬೆರಳು ಕೂಡಿತು. ನಡುಬೆರಳಿನ ತುದಿ ಕೂಡಲಿಲ್ಲ.

ಅದಕ್ಕಿಂತ ಕೆಟ್ಟದ್ದು ಮರುದಿನ ಆಯಿತು. ಆಸ್ಪತ್ರೆಯ ಮಂಚದ ಮೇಲೆ ಇವರು ಮೊದಲು ಆಡಿದ ಮಾತು, "ಬಂದ್ ಐತಿ ಅಂತ ಹೇಳಿ ಚಾಲೂ ಮಾಡಿದಾ." ಅತ್ತೆಯವರು ನನ್ನ ಕಡೆ ನೋಡಿದರು.  ಹೊರಗೆ ಬೆಂಚಿನ ಮೇಲೆ ಶಿವು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ಅಕ್ಕಾ, ನಾ ಊರಿಗೆ ಹೋಗ್ತೀನಿ. ಮಾಮಾನ ಮಾರಿ ನೋಡೂದು ನನಗಾಗೂದಿಲ್ಲ. ಆದ್ರ ನಾ ಸುಳ್ಳ ಹೇಳಿಲ್ಲವಾ. ಬಂದೈತಿ ಅಂದ ಮ್ಯಾಲೇ ಹಚ್ಚೀನಿ." ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಅದು ನನ್ನ ಸ್ಥಿತಿ. ಇವನು ಈ ಬಾಗಿಲು ದಾಟಿ ಹೋದರೆ ಜೀವಮಾನವೆಲ್ಲ ಮಾಮಾನ ಕೈ ಕಡಿದವನಾಗಿ ಉಳಿಯುತ್ತಾನೆ, ನನಗೆ ತವರು ಮುಗಿಯಿತು. ಇವನು ಸುಳ್ಳು ಹೇಳುವವನಲ್ಲ. ಅವರೂ ಅಲ್ಲ.

ಹಾಗೆ ಅಂದುಕೊಳ್ಳುತ್ತಿರುವಾಗಲೇ ನನಗೆ ಚಾಳಿನ ನಳ ನೆನಪಾಯಿತು. 

ಶಿವೂನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಂದೆ. "ರೀ, ಇವಾ ಏನಂದಾ? ಅವನ ಬಾಯಾಗ ಹೆಂಗ ಬಂತು, ಹಂಗ ಹೇಳ್ರಿ."

"ಬಂದೈತಿ ಅಂದಾ."

"ನೀ ಏನಂದಿ, ಶಿವೂ?"

"ಬಂದೈತಿ ಅಂದ್ನಿ."

"ಗ್ಯಾಲರಿ ನಳಾ ನೆನಪೈತೇನ್ರೀ? ಬಕೆಟ್ ಒಳಗಿಟ್ಟಿದ್ರಲ್ಲಾ?"

ಇವರು ಪಟ್ಟಿ ಕಟ್ಟಿದ ಕೈ ನೋಡಿಕೊಂಡರು. ಅತ್ತೆಯವರೇ ಮೊದಲು ಸೆರಗು ಬಾಯಿಗೆ ಹಿಡಿದರು. ಆ ದಿನ ನಕ್ಕವರೂ ಅವರೇ, ಈ ದಿನ ಅತ್ತವರೂ ಅವರೇ. ಕಡೆಗೆ ಇವರು "ಬ್ಯಾಗ್ ಮನೀಗೆ ತಗೊಂಡ ಹೋಗು" ಅಂತ ಶಿವೂಗೆ ಹೇಳಿದರು. ಅಷ್ಟೇ. ನಿಂದೇನೂ ತಪ್ಪಿಲ್ಲೋ ಅಂತ ಹೇಳಲಿಲ್ಲ.

ಗಾಳಾದಲ್ಲಿ ಹೊಸ ಕಾನೂನು ಬಂತು. ಗಾರ್ಡ್ ಮೂಲೆಯಿಂದ ಎದ್ದು ಬ್ಲೇಡಿನ ಮೇಲೆ ಕೂತಿತು. ಬಂದ್ ಎಂಬ ಮಾತು ಬಂದ್ ಆಯಿತು. ಮಷೀನು ನಿಂತಿದ್ದರೆ 'ಸತ್ತೈತಿ', ಓಡುವುದಿದ್ದರೆ 'ಜೀವಾ ಐತಿ'. ಊರಿಂದ ನಮ್ಮ ಅವ್ವ ಗಾಳಾಕ್ಕೆ ಫೋನ್ ಮಾಡಿದಾಗ ಹಿಂದಿನಿಂದ ಶಿವು "ಸತ್ತೈತ್ರೀ ಮಾಮಾ, ಕೈ ಹಾಕ್ರಿ" ಅಂದದ್ದು ಕೇಳಿಸಿ ಪಾಪ ಆಕೆ ಆ ದಿನ ಊಟ ಬಿಟ್ಟಿದ್ದಳು. ಇನ್ನೊಂದು ಕಾನೂನು, ಮಷೀನಿಗೆ ಯಾರು ಕೈ ಹಾಕುತ್ತಾರೋ ಅವರೇ ಮೊದಲು ಫ್ಯೂಸ್ ಕಿತ್ತು ತಮ್ಮ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಇವರು ಮರೆತು ಅದನ್ನು ಕಿಸೆಯಲ್ಲೇ ಮನೆಗೆ ತಂದುಬಿಡುತ್ತಿದ್ದರು. ಒಗೆಯಲು ಹಾಕಿದ ಶರ್ಟಿನಲ್ಲಿ ನನಗೆ ಸಿಗುತ್ತಿತ್ತು.

ಎಲ್ಲರೂ ಭೇಷ್ ಅಂದರು. ನನಗೆ ಮಾತ್ರ ಆ ಫ್ಯೂಸ್ ಕಂಡಾಗಲೆಲ್ಲ ಒಂದು ಸಂಶಯ. ಇದು ಜಾಗ್ರತೆಯೋ, ಶಿವೂನ ಮೇಲೆ ಭರವಸೆ ಹೋದದ್ದೋ? ಯಾಕೆಂದರೆ ಆ ಜೋಕು ಶುರುವಾಗಿತ್ತು. ಬೆರಳಿಗೇನಾಯಿತು ಅಂತ ಯಾರಾದರೂ ಕೇಳಿದರೆ ಸಾಕು, "ಅಪ್ನೇ ಸಾಲೇ ಕೀ ಮೆಹರ್ಬಾನಿ" ಅನ್ನುತ್ತಿದ್ದರು. ಎಲ್ಲ ನಮ್ಮ ಹೆಂಡತಿಯ ತಮ್ಮನ ಕೃಪೆ ಅಂತ. ಮದುವೆಮನೆಯಲ್ಲಿ, ಲೋಕಲ್‌ನಲ್ಲಿ, ಗಿರಾಕಿಗಳ ಮುಂದೆ. ಜನ ನಗುತ್ತಿದ್ದರು. ಶಿವೂನೂ ತಲೆ ತಗ್ಗಿಸಿ ನಗುತ್ತಿದ್ದ.  "ಆ ಮಾತ ಬಿಡ್ರೀ" ಅಂತ ಎಷ್ಟು ಸಲ ಜಗಳ ತೆಗೆದಿದ್ದೇನೆ. "ಅರೇ, ಮಜಾಕ್ ಐತಿ" ಅನ್ನುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಗಾಳಾ ನೋಡಿಕೊಳ್ಳುವವನು ಶಿವು. ಅವನ ತಲೆಯಲ್ಲಿ ಬಿಳಿಕೂದಲು ಬಂದಿದೆ. ನಿಂದೇನೂ ತಪ್ಪಿಲ್ಲೋ ಅಂತ ಇವರು ಬಿಡಿಸಿ ಹೇಳದ ಆ ಒಂದು ಮಾತಿಗಾಗಿ ಅವನು ಇನ್ನೂ ಕಾಯುತ್ತಾನೆ ಅಂತ ಅಕ್ಕನಾದ ನನಗೆ ಗೊತ್ತಾಗುವುದಿಲ್ಲವೇ.

ಸರಿ, ಇವತ್ತಿಗೆ ಬರೋಣ. ಎದುರಿನ ಬಾಗಿಲು ತೆರೆದೇ ಇತ್ತು. ಕಾರ್ಪೆಂಟರು ಉತ್ತರದ ಕಡೆಯವನು, ಒಳ್ಳೇ ಕಟ್ಟುಮಸ್ತಾದ ಆಳು. ಕೂತು ಕಟರಿನ ಬ್ಲೇಡು ಬದಲಿಸುತ್ತಿದ್ದ, ವೈರು ಪ್ಲಗ್ಗಿನಲ್ಲೇ ಇತ್ತು. ಇವರು ಮಾತಿಲ್ಲದೆ ಹೋಗಿ ಪ್ಲಗ್ ಕಿತ್ತು ಅವನ ತೊಡೆಯ ಮೇಲಿಟ್ಟರು. ಅವನು ಸಿಟ್ಟಿನಿಂದ ತಲೆ ಎತ್ತಿದ. ಆಗ ಇವರು ಕೈ ತೋರಿಸಿದರು.

"ಯೇ ಕೈಸೇ ಹುವಾ, ಚಾಚಾ?" ಇದು ಹೇಗಾಯಿತು ಅಂತ ಕೇಳಿದ.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹಿಟ್ಟು ಅಂಟಿತು. ಬಂತು ಜೋಕು, ಅಂದುಕೊಂಡೆ.

ಇವರು ಬೆರಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಹಿಂದಿಯಲ್ಲಿ ಹೇಳಿದ್ದನ್ನು ನಾನು ನಮ್ಮ ಮಾತಿನಲ್ಲೇ ಹೇಳುತ್ತೇನೆ. "ಕೈ ನಂದು ಇತ್ತು. ಬಟನ್ ಹಾಗೇ ಬಿಟ್ಟವನೂ ನಾನೇ. ತಲೆ ಎತ್ತಿ ನೋಡಬೇಕಾದವನು ಇನ್ನೊಬ್ಬನ್ನ ಕೇಳಿದೆ. ಅವನು ಖರೇನೇ ಹೇಳಿದ್ದ. ನನ್ನ ಹೆಂಡತಿ ತಮ್ಮ. ಆ ದಿನ ತುಂಡು ಹುಡುಕಿಕೊಟ್ಟವನೂ ಅವನೇ, ಇದೊಂದು ಬೆರಳಾದರೂ ಉಳೀತು." ಕೂಡಿದ ತೋರುಬೆರಳಿನಿಂದಲೇ ಪ್ಲಗ್ ತೋರಿಸಿದರು. "ಅದಕ್ಕೆ ಹೇಳ್ತೀನಿ, ಯಾರನ್ನೂ ಕೇಳಬೇಡ. ಕಿತ್ತು ಕಿಸೆಯಲ್ಲಿ ಇಟ್ಟುಕೋ."

ನಾನು ಅಲ್ಲಿ ನಿಲ್ಲಲಿಲ್ಲ. ಕಂಡರೆ ಅವರಿಗೆ ಸಂಕೋಚ. ಒಳಗೆ ಬಂದು, ಕೈ ತೊಳೆಯುವ ವ್ಯವಧಾನವೂ ಇಲ್ಲದೆ, ಹಿಟ್ಟಿನ ಬೆರಳಲ್ಲೇ ಶಿವೂಗೆ ಫೋನ್ ಹಚ್ಚಿದೆ. ಕಣ್ಣು ಒರೆಸಿಕೊಳ್ಳಲು ಹೋಗಿ ಮುಖಕ್ಕೂ ಹಿಟ್ಟಾಯಿತು. ಅವನು ಎತ್ತಿದ. ಹಿಂದೆ ಕಟರಿನ ಸಪ್ಪಳ ಕಿವಿ ತುಂಬುತ್ತಿತ್ತು.

"ಏನಕ್ಕಾ, ಆರಾಮಿದ್ದೀರಿಲ್ಲೋ? ಮಾಮಾ ಹೆಂಗದಾನ?"

"ನಿನಗೊಂದು ಮಾತು ಹೇಳೂದೈತಿ. ಮೊದಲ ಆ ಮಷೀನ್ ನಿಂದರಸು."

ಸಪ್ಪಳ ಇಳಿಯಿತು, ಇಳಿಯಿತು, ನಿಂತಿತು. ಅವನು ನಡೆದುಹೋದದ್ದು, ಬೋರ್ಡಿನ ಮುಚ್ಚಳ ತೆರೆದದ್ದು, ಏನೋ ಕಿತ್ತದ್ದು, ಎಲ್ಲ ಕೇಳಿಸಿತು.

"ಸತ್ತೈತಿ ಅಕ್ಕಾ," ಅಂದ. "ಫ್ಯೂಸ್ ನನ್ನ ಕಿಸೇದಾಗೈತಿ. ಈಗ ಹೇಳು."