ನೀಲಿಪಟ್ಟಿಯ ಕೊನೆಯ ಕಂತು

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ, ಚಿಕ್ಕಬಳ್ಳಾಪುರದ ನಮ್ಮ ಮನೆಯ ನಡುಮನೆ. ಹಾಜರಿದ್ದವರು ನಾಲ್ವರು: ನಾನು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ನನ್ನ ತಮ್ಮ ಮುನಿರಾಜು, ಚಿಂತಾಮಣಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಶ್ರೀನಿವಾಸ, ಗೌರಿಬಿದನೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಅಲೀಪುರದ ಜೆಹ್ರಾ. ತಡವಾಗಿ ಬಂದವನು ಶ್ರೀನಿವಾಸ, ಏಳು ನಿಮಿಷ. ಹೀಗೆ ಶುರು ಮಾಡದಿದ್ದರೆ ನನಗೆ ಕೈ ಓಡುವುದಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ಯಾವ ಹಾಸಿಗೆಯಲ್ಲಿ ಯಾರಿದ್ದಾರೆ, ಹೇಗಿದ್ದಾರೆ ಎಂದು ಮುಂದಿನ ಪಾಳಿಯವರಿಗೆ ಒಪ್ಪಿಸದೆ ಮನೆಗೆ ಹೋದವಳಲ್ಲ.

ಜೆಹ್ರಾ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಹೊದಿಕೆ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಹಳದಿಗೆ ತಿರುಗಿದ ವಾರಪತ್ರಿಕೆ. ಹೊದಿಕೆಯ ಬಾಯಿ ಒಂದಿಷ್ಟು ಬಿಚ್ಚಿತ್ತೋ ಏನೋ, ಹಳೆಯ ಕಾಗದದ ವಾಸನೆ ಬಂತು. ಕಾಗದ ಹಳತಾದಾಗ ಬರುವ ಆ ಒಣ, ಸಿಹಿ, ಸ್ವಲ್ಪ ಧೂಳಿನ ವಾಸನೆಯನ್ನು ನೀವೂ ಬಲ್ಲಿರಿ. ನಿಮಗೆ ಅದು ಬಾಲ್ಯವನ್ನು ತಂದೀತು. ನನಗೆ ಅಂದು ತಂದದ್ದು ಎದೆಬಡಿತ. ಎಣಿಸಿ ನೋಡಿದೆ, ನಿಮಿಷಕ್ಕೆ ತೊಂಬತ್ತಾರು.

ಆ ಮೂವರಿಗೆ ಹೇಳಲು ಇನ್ನೂ ಧೈರ್ಯ ಬಾರದಿದ್ದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಆ ಹೊದಿಕೆಯೊಳಗಿದ್ದದ್ದು, ಐವತ್ತೈದು ವರ್ಷಗಳ ಹಿಂದೆ ನಾನು ನನ್ನ ತಮ್ಮನಿಗೆ ಹೇಳಿದ ಸುಳ್ಳಿಗೆ ಸಾಕ್ಷಿ.

ನಮ್ಮದು ಕಾಮಿಕ್ಸ್ ಓದುವವರ ಕೂಟ. ನಗಬೇಡಿ. ನನ್ನ ವಯಸ್ಸಿನ ಹೆಂಗಸರು ಭಾನುವಾರ ಭಜನೆಗೆ ಹೋಗುತ್ತಾರೆ. ನಾನು ಚೌಕಚೌಕದ ಚಿತ್ರಗಳಲ್ಲಿ ಯಾರು ಯಾರಿಗೆ ಗುದ್ದಿದರು ಎಂದು ನೋಡುತ್ತೇನೆ. ಹತ್ತರಿಂದ ಹತ್ತೂವರೆ, ಆ ವಾರ ಓದಿದ್ದನ್ನು ಹೇಳುವುದು. ಹತ್ತೂವರೆಗೆ ಕಾಫಿ. ಹತ್ತು ನಲವತ್ತರಿಂದ ಜಗಳ. ಹನ್ನೆರಡಕ್ಕೆ ಮುಕ್ತಾಯ. ಜಗಳ ಅರ್ಧದಲ್ಲಿದ್ದರೆ ಮುಂದಿನ ವಾರಕ್ಕೆ.

ಈಗಿನ ಸರಣಿಗಳ ವಿಷಯದಲ್ಲಿ ನಮ್ಮಲ್ಲಿ ಒಮ್ಮತವಿಲ್ಲ. ಶ್ರೀನಿವಾಸನಿಗೆ ಅವು ಪ್ರಾಣ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗೆಲ್ಲ ಫೋನಿನಲ್ಲಿ ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಓದುತ್ತಾನೆ. ಆ ಕಥೆಗಳಿಗೆ ಪುಟವೇ ಇಲ್ಲ. ಬಾವಿಗೆ ಬಿಟ್ಟ ಹಗ್ಗದ ಹಾಗೆ ಇಳಿಯುತ್ತಲೇ ಇರುತ್ತವೆ. ಜೆಹ್ರಾಳಿಗೆ ಈಗಿನ ಚಿತ್ರಗಾರರ ಬಣ್ಣ ಇಷ್ಟ, ಕಥೆ ಕಷ್ಟ. "ಒಂದೇ ಹೀರೋ ನಾಲ್ಕು ಲೋಕದಲ್ಲಿ ನಾಲ್ಕು ಥರ ಇರ್ತಾನೆ ಆಂಟಿ. ನೆನಪಿಟ್ಟುಕೊಳ್ಳೋಕೆ ನಾನು ನೋಟ್ಸ್ ಮಾಡ್ಕೊಳ್ತೀನಿ," ಎನ್ನುತ್ತಾಳೆ. ಮುನಿರಾಜುವಿನ ದೂರು ಬೇರೆ. "ಹಿಂದೆ ಹೀರೋಗೆ ಹಲ್ಲುನೋವು ಕೂಡ ಬರ್ತಿರ್ಲಿಲ್ಲ. ಈಗ ನೋಡಿದ್ರೆ ಹನ್ನೆರಡು ಪುಟ ಕಿಟಕಿ ಹತ್ರ ನಿಂತ್ಕೊಂಡು ಕೊರಗ್ತಾನೆ. ಕೊರಗೋದಾದ್ರೆ ಮುಖವಾಡ ಯಾಕಪ್ಪ ಬೇಕು?"

ನನ್ನ ತಕರಾರು ವೃತ್ತಿಯದ್ದು. ಭುಜಕ್ಕೆ ಗುಂಡು ತಿಂದವನು ಮುಂದಿನ ಚೌಕದಲ್ಲಿ ಅದೇ ಕೈಯಿಂದ ಕಾರು ಎತ್ತುತ್ತಾನೆ. ಬ್ಯಾಂಡೇಜು ಒಂದು ಚಿತ್ರದಲ್ಲಿ ಎಡಗೈಗಿದ್ದರೆ ಇನ್ನೊಂದರಲ್ಲಿ ಬಲಗೈಗೆ. ಇನ್ನು ಸಾವು! ಈಗಿನ ಸರಣಿಗಳಲ್ಲಿ ಸತ್ತವರೆಲ್ಲ ಆರು ತಿಂಗಳಿಗೆ ವಾಪಸು ಬರುತ್ತಾರೆ. ನಾನು ಕೆಲಸ ಮಾಡಿದ ವಾರ್ಡಿನಲ್ಲಿ ಅಂಥ ಏರ್ಪಾಡು ಇರಲಿಲ್ಲ. ಇದನ್ನು ಹೇಳಿದಾಗ ಶ್ರೀನಿವಾಸ ಕೈ ಮುಗಿದ. "ಅಯ್ಯೋ ರಾಮಾ, ಅಕ್ಕಾ, ಕಾಮಿಕ್ಸಿಗೂ ಕೇಸ್ ಶೀಟ್ ಬರೀಬೇಡ್ರಿ!"

ಜಗಳ ಇಷ್ಟಕ್ಕೇ ನಿಂತಿದ್ದರೆ ನಾನು ಸುಖವಾಗಿರುತ್ತಿದ್ದೆ. ನೀಲಿಪಟ್ಟಿ ಮರಳಿ ಬಂದು ಕೆಡಿಸಿತು.

ನೀಲಿಪಟ್ಟಿ ಎಂದರೆ ನಮ್ಮ ಬಾಲ್ಯದ ಚಿತ್ರಕಥೆಯ ವೀರ. ಕಣ್ಣಿನ ಮೇಲೆ ನೀಲಿ ಬಟ್ಟೆಯ ಪಟ್ಟಿ, ಎರಡು ತೂತು, ಕೈಯಲ್ಲಿ ಚಾಟಿ, ಕೂರಲು ಗುಡುಗು ಎಂಬ ಕುದುರೆ. ಬಣ್ಣ ಇರಲಿಲ್ಲ, ಪಟ್ಟಿ ನೀಲಿ ಎಂದು ಕೆಳಗೆ ಬರೆದಿರುತ್ತಿತ್ತು, ನಾವು ನಂಬುತ್ತಿದ್ದೆವು. ಅದು ಬರುತ್ತಿದ್ದ ಸಣ್ಣ ವಾರಪತ್ರಿಕೆ ಕೊನೆಯ ಕಂತು ಹಾಕಿದ ಮೇಲೆ ಮುಚ್ಚಿಹೋಯಿತು. ಆ ಕೊನೆಯ ಸಂಚಿಕೆ ನಮಗೆ ಗೊತ್ತಿದ್ದ ಯಾರ ಬಳಿಯೂ ಉಳಿದಿರಲಿಲ್ಲ.

ಕಳೆದ ವರ್ಷ ಕೆಲವು ಯುವಕರು ನೀಲಿಪಟ್ಟಿಯನ್ನು ಹೊಳೆಯುವ ಕಾಗದದಲ್ಲಿ ಹೊಸ ಸರಣಿಯಾಗಿ ತಂದರು. ಮೂರನೆಯ ಸಂಚಿಕೆಯಲ್ಲಿ ಪಟ್ಟಿ ಬಿಚ್ಚಿದರೆ ಒಳಗಿರುವುದು ಹೆಣ್ಣು. ಊರೂರಿನ ಓದುಗರು ಸೇರಿರುವ ನಮ್ಮ ವಾಟ್ಸಾಪ್ ಗುಂಪು ಹೊತ್ತಿಕೊಂಡಿತು. ಬಾಲ್ಯವನ್ನು ಹಾಳು ಮಾಡಿದರು ಎಂದು ಒಬ್ಬರು, ಈ ಕಾಲದ ಕಾಯಿಲೆ ಎಂದು ಇನ್ನೊಬ್ಬರು. ಹೊಸತನ್ನೆಲ್ಲ ಹೊಗಳುವ ಶ್ರೀನಿವಾಸನೂ, "ಹೊಸ ಹೀರೋಯಿನ್ ಮಾಡ್ಲಿ, ಬೇಡ ಅಂದೋರು ಯಾರು? ಹಳೇ ಗಂಡಸನ್ನ ಯಾಕೆ ಬದಲಾಯಿಸ್ಬೇಕು?" ಎಂದು ಬರೆದ.

ಆಗ ನನ್ನ ತಮ್ಮ ಎದ್ದು ನಿಂತ. ಗುಂಪಿನಲ್ಲಿ ಅವನು ಬರೆದದ್ದು ಇಷ್ಟು: "ಬದಲಾಯಿಸಿದ್ದು ಏನೂ ಇಲ್ಲ. ನೀಲಿಪಟ್ಟಿ ಮೊದಲಿನಿಂದಲೂ ಹೆಂಗಸೇ. ಕೊನೇ ಕಂತಿನಲ್ಲಿ ಪಟ್ಟಿ ಬಿಚ್ಚುತ್ತಾಳೆ. ನಮ್ಮಕ್ಕ ಕಣ್ಣಾರೆ ಓದಿದ್ದಾಳೆ. ಇದು ಸುಳ್ಳಾದರೆ ನನ್ನ ಹತ್ತಿರ ಇರುವ ಮೂರು ಟ್ರಂಕು ಹಳೇ ಕಾಮಿಕ್ಸೂ ಚಿಂತಾಮಣಿ ಶ್ರೀನಿವಾಸನಿಗೆ."

ಮೂರು ಟ್ರಂಕು. ಮುನಿರಾಜು ತನ್ನ ಮದುವೆಯ ಫೋಟೋಗಳನ್ನು ಕಳೆದುಕೊಂಡಿದ್ದಾನೆ, ಆ ಟ್ರಂಕುಗಳಿಗೆ ಮಾತ್ರ ವರ್ಷಕ್ಕೆರಡು ಸಲ ಬಿಸಿಲು ತೋರಿಸಿ ಬೇವಿನ ಸೊಪ್ಪು ಹಾಕುತ್ತಾನೆ. ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಜೆಹ್ರಾ ತನ್ನ ಅಜ್ಜನ ಪೆಟ್ಟಿಗೆಯಲ್ಲಿ ಕೊನೆಯ ಸಂಚಿಕೆ ಸಿಕ್ಕಿದೆಯೆಂದು ಬರೆದಳು. ತಾನು ಒಬ್ಬಳೇ ಓದುವುದಿಲ್ಲ, ಭಾನುವಾರ ಎಲ್ಲರೂ ಸೇರಿ ತೆರೆಯೋಣ ಎಂದಳು. ಒಳ್ಳೆಯ ಶಿಸ್ತು. ಬೇರೆ ಯಾವ ದಿನವಾದರೂ ಮೆಚ್ಚುತ್ತಿದ್ದೆ.

ಈಗ ಹಿಂದಕ್ಕೆ ಬನ್ನಿ.

ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ನಮ್ಮದು ರೇಷ್ಮೆಹುಳು ಸಾಕುವ ಮನೆ. ನನಗೆ ಹನ್ನೆರಡು, ಮುನಿರಾಜುವಿಗೆ ಎಂಟು. ಮರಿಹುಳುಗಳ ಬಿದಿರು ತಟ್ಟೆಗಳಿಗೆ ಹಳೇ ಕಾಗದ ಹಾಸುವುದು ನನ್ನ ಕೆಲಸ. ಆಗಲೇ ನಾನು ಹೀಗೇ ಇದ್ದೆ. ಕಾಗದಗಳನ್ನು ಅಳತೆ ನೋಡಿ ಜೋಡಿಸಿ, ಅಂಚಿಗೆ ಅಂಚು ಕೂಡಿಸಿ, ಶನಿವಾರ ಐದು ಗಂಟೆಗೆ ಹಾಸಿ ಮುಗಿಸುತ್ತಿದ್ದೆ. ನಮ್ಮಮ್ಮ ಅಕ್ಕಪಕ್ಕದವರಿಗೆ ನನ್ನ ತಟ್ಟೆಗಳನ್ನು ತೋರಿಸಿ ಹೆಮ್ಮೆ ಪಡುತ್ತಿದ್ದರು.

ಕೊನೆಯ ಕಂತು ಬರಬೇಕಿದ್ದ ವಾರ ಮುನಿರಾಜುವನ್ನು ನಂದಿಯಲ್ಲಿದ್ದ ಮಾವನ ಮನೆಗೆ ಕಳಿಸಿದ್ದರು. ಬಸ್ಸು ಹತ್ತುವ ಮುಂಚೆ ಅವನು ನನ್ನಿಂದ ಆಣೆ ಹಾಕಿಸಿಕೊಂಡ. "ನಾನು ಬರೋಗಂಟ ಓದ್ಬಾರ್ದು ಅಕ್ಕಾ. ಓದಿದ್ರೆ ನಿನ್ ಕಣ್ ಹೋಗ್ತವೆ." ಪತ್ರಿಕೆ ಬಂತು. ನಾನು ಆಣೆ ಮುರಿಯುವವಳಲ್ಲ. ಆದರೆ ಎದುರಿಗಿದ್ದರೆ ಕೈ ತಡೆಯುವುದಿಲ್ಲವೆಂದು ಅದನ್ನು ನನ್ನಿಂದಲೇ ಬಚ್ಚಿಟ್ಟೆ. ಎಲ್ಲಿ? ಹಳೇ ಕಾಗದದ ಕಟ್ಟಿನ ನಡುವೆ.

ಶನಿವಾರ ಐದಕ್ಕೆ ತಟ್ಟೆ ಹಾಸಿದೆ, ಅಂಚಿಗೆ ಅಂಚು ಕೂಡಿಸಿ.

ಭಾನುವಾರ ನೆನಪಾಗಿ ಹುಳುಮನೆಗೆ ಓಡಿದೆ. ಮೂರನೇ ತಟ್ಟೆಯ ಅಂಚಿನಲ್ಲಿ, ಸೊಪ್ಪಿನ ಕೆಳಗಿಂದ ಒಂದು ಚಿತ್ರದ ಮೂಲೆ ಮಾತ್ರ ಕಾಣುತ್ತಿತ್ತು: ತಲೆಯ ಹಿಂದಿನ ಗಂಟಿಗೆ ಹೋದ ಒಂದು ಕೈ. ಪಟ್ಟಿ ಬಿಚ್ಚುತ್ತಿದೆ! ಎಳೆದುಕೊಳ್ಳೋಣವೆಂದರೆ ಹುಳುಗಳು ಆಗಲೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳು ಮೇಯುವುದನ್ನು ಬಿಟ್ಟು ತಲೆಯೆತ್ತಿ ಅಲುಗದೆ ಕೂರುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಆಗ ತಟ್ಟೆ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಬೆಳೆ ಹೋಯಿತು, ಅಮ್ಮನ ಕೈಗೆ ನಾನೂ ಹೋದೆ. ಸಾವಿರಾರು ಹುಳುಗಳು ನೀಲಿಪಟ್ಟಿಯ ಮೇಲೆ ಕೂತು ತಪಸ್ಸು ಮಾಡುತ್ತಿದ್ದವು, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಮಂಗಳವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ಹುಳು ಎದ್ದಿದ್ದವು, ಅಮ್ಮ ತಟ್ಟೆ ತೆಗೆದು ಕಾಗದ, ಹಿಕ್ಕೆ, ಉಳಿದ ಸೊಪ್ಪು ಎಲ್ಲವನ್ನೂ ತಿಪ್ಪೆಗೆ ಸುರಿದಿದ್ದರು.

ಸಂಜೆ ಮುನಿರಾಜು ಬಸ್ಸಿಳಿದು ಓಡಿಬಂದ. "ಅಕ್ಕಾ, ಬಂತಾ?"

ಏನು ಹೇಳಲಿ? ಶಿಸ್ತಿನ ಹುಡುಗಿ ಪತ್ರಿಕೆಯನ್ನು ಹುಳುವಿಗೆ ಹಾಸಿದಳೆಂದೇ? ಮಾಡಿದ ತಪ್ಪನ್ನು ಮುಚ್ಚಲು, ಮಾಡದ ತಪ್ಪೊಂದನ್ನು ಒಪ್ಪಿಕೊಂಡೆ. ತಡೆಯಲಾರದೆ ಓದಿಬಿಟ್ಟೆ, ಆಮೇಲೆ ಪಕ್ಕದ ಮನೆಯ ಮೇಕೆ ತಿಂದುಹಾಕಿತು ಎಂದೆ. ಅವನು ನನ್ನ ಕಣ್ಣುಗಳನ್ನೇ ನೋಡಿದ, ಹೋಗಿವೆಯೇ ಎಂದು. ಆಮೇಲೆ ಅತ್ತ. ಸಮಾಧಾನ ಮಾಡಲು ಕಥೆ ಹೇಳಲೇಬೇಕಾಯಿತು. ನನಗೆ ಗೊತ್ತಿದ್ದದ್ದು ಗಂಟಿಗೆ ಹೋದ ಒಂದು ಕೈ.

"ಪಟ್ಟಿ ಬಿಚ್ತಾರೆ ಕಣೋ. ಬಿಚ್ಚಿದ್ರೆ ಉದ್ದ ಜಡೆ ಕೆಳಕ್ಕೆ ಬೀಳುತ್ತೆ. ನೀಲಿಪಟ್ಟಿ ಹೆಂಗಸು!"

ಯಾಕೆ ಹಾಗೆಂದೆನೋ. ಅವತ್ತು ನಾನೂ ಎರಡು ಜಡೆ ಹಾಕಿಕೊಂಡಿದ್ದೆ. ಅವನು ಅಳು ನಿಲ್ಲಿಸಿ ಬಾಯಿ ತೆರೆದು ಕೂತ. ಒಂದು ವರ್ಷ ಆ ಮೇಕೆಗೆ ಕಲ್ಲು ಹೊಡೆದ, ನೀಲಿಪಟ್ಟಿ ಹೆಂಗಸೆಂದು ಇಡೀ ಶಾಲೆಗೆ ಸಾರಿದ.

ಮುಂದೆ ನಾನು ನರ್ಸ್ ತರಬೇತಿಗೆ ಹೋಗುತ್ತೇನೆಂದಾಗ ದೊಡ್ಡಪ್ಪ ಕೆಂಡವಾದರು. ಹೆಣ್ಣುಮಗಳು ಊರು ಬಿಟ್ಟು ಗಂಡಸರ ಗಾಯ ತೊಳೆಯುವುದೇ ಎಂದರು. ಮೂಲೆಯಲ್ಲಿ ಕೂತಿದ್ದ ಹದಿಮೂರು ವರ್ಷದ ಮುನಿರಾಜು, "ನೀಲಿಪಟ್ಟಿ ಹೆಂಗಸಾಗಿ ಅಷ್ಟು ಜನ ಕಳ್ಳರನ್ನ ಹಿಡೀಲಿಲ್ವಾ? ನಮ್ಮಕ್ಕನ ಕೈಲಿ ಗಾಯ ತೊಳೆಯಕ್ಕಾಗಲ್ವಾ?" ಎಂದ. ದೊಡ್ಡಪ್ಪನಿಗೆ ನೀಲಿಪಟ್ಟಿ ಯಾರೆಂದು ತಿಳಿಯದೆ, ಯಾವುದೋ ದೇವತೆಯಿರಬೇಕೆಂದುಕೊಂಡು ಸುಮ್ಮನಾದರು. ನಾನು ಹೋದೆ.

ಈಗ ಹೇಳಿ, ಅಂಥ ತಮ್ಮನ ಮೂರು ಟ್ರಂಕುಗಳು ನನ್ನ ಸುಳ್ಳಿಗೆ ಹೋಗುವುದನ್ನು ನೋಡುತ್ತಾ ಕೂರಲೇ?

ಜೆಹ್ರಾ ಹೊದಿಕೆಗೆ ಕೈ ಹಾಕಿದಳು. ನಾನು ಎದ್ದು ನಿಂತೆ. ಹಾಸಿಗೆ ಸಂಖ್ಯೆ ಒಪ್ಪಿಸುವ ದನಿಯಲ್ಲೇ ಎಲ್ಲವನ್ನೂ ಒಪ್ಪಿಸಿದೆ: ಕಾಗದದ ಕಟ್ಟು, ತಟ್ಟೆ, ಜ್ವರ, ತಿಪ್ಪೆ, ಮೇಕೆ. "ಇವನು ಪಂಥ ಕಟ್ಟಿದ್ದು ನನ್ನ ಮಾತು ನಂಬಿ. ಸೋತವಳು ನಾನು. ಟ್ರಂಕು ಮುಟ್ಟೋ ಹಾಗಿಲ್ಲ ಶ್ರೀನಿವಾಸ. ಬೇಕಾದ್ರೆ ನನ್ನ ಕಾಮಿಕ್ಸ್ ಬೀರು ತಗೊಂಡು ಹೋಗು."

ಇದೇನೆಂದು ಶ್ರೀನಿವಾಸ ಮುನಿರಾಜುವನ್ನು ತೆಲುಗಿನಲ್ಲೇ ಕೇಳಿದ. "ಏಮಣ್ಣಾ ಇದಿ?"

ಮುನಿರಾಜು, "ಹಂಗಾದ್ರೆ ಆ ಮೇಕೆ ತಿಂದಿರ್ಲಿಲ್ಲ," ಎಂದ.

"ಇಲ್ಲ ಕಣೋ."

"ಒಂದು ವರ್ಷ ಕಲ್ಲು ಹೊಡೆಸ್ದೆ ನನ್ ಕೈಲಿ. ಪಾಪದ ಮೇಕೆ."

"ತಪ್ಪಾಯ್ತು."

"ಬಾಯಲ್ಲಿ ಹೇಳಿದ್ರೆ ಆಗಲ್ಲ. ಶಿಕ್ಷೆ ಆಗ್ಬೇಕು." ಅವನು ಹೊದಿಕೆಯನ್ನು ಎತ್ತಿಕೊಂಡ. "ನೀನು ಇದನ್ನ ಓದೋ ಹಾಗಿಲ್ಲ. ಇವತ್ತೂ ಇಲ್ಲ, ಯಾವತ್ತೂ ಇಲ್ಲ. ನಾವು ಮೂರು ಜನ ಒಳಗೆ ಹೋಗಿ ಓದ್ತೀವಿ. ಆಮೇಲೆ ನಾನು ಹೇಳ್ತೀನಿ, ನೀನು ನಂಬ್ಬೇಕು. ಹಾಕು ಆಣೆ."

ಹಾಕಿದೆ. ಮೂವರೂ ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿದರು. ನನ್ನ ಮನೆಯಲ್ಲಿ, ನನ್ನದೇ ನಡುಮನೆಯಲ್ಲಿ, ಹನ್ನೊಂದು ನಿಮಿಷ ನಾನೊಬ್ಬಳೇ ಕೂತಿದ್ದೆ. ಒಳಗೆ ಒಮ್ಮೆ ಜೆಹ್ರಾ ಜೋರಾಗಿ ನಕ್ಕಳು. ಬಾಗಿಲ ಹತ್ತಿರ ಹೋಗಲಿಲ್ಲ ಎಂದು ಬರೆಯಲು ಆಸೆ. ಹೋಗಿದ್ದೆ, ಏನೂ ಕೇಳಿಸಲಿಲ್ಲ.

ಮುನಿರಾಜು ಹೊರಗೆ ಬಂದು ಎದುರಿಗೆ ಕೂತ. "ಪಟ್ಟಿ ಬಿಚ್ತಾರೆ. ಉದ್ದ ಜಡೆ ಬೀಳುತ್ತೆ. ನೀಲಿಪಟ್ಟಿ ಹೆಂಗಸೇ ಕಣಕ್ಕಾ. ನೀನು ಹೇಳ್ದಂಗೇ ಐತೆ."

ಮಾತ್ರೆ ನುಂಗಿದೆ ಎನ್ನುವ ರೋಗಿಯ ಮುಖ ನೋಡಿಯೇ ದಿಂಬಿನ ಕೆಳಗೆ ಮಾತ್ರೆ ಇದೆಯೆಂದು ಹೇಳುತ್ತಿದ್ದವಳು ನಾನು. ತಮ್ಮನ ಮುಖವನ್ನು ಹುಡುಕಿದೆ, ಗೆರೆಯೂ ಕದಲಲಿಲ್ಲ. ಶ್ರೀನಿವಾಸ ಫ್ಯಾನು ನೋಡುತ್ತಾ, "ಟ್ರಂಕು ಬೇಡಕ್ಕಾ, ಅಣ್ಣ ಗೆದ್ಬಿಟ್ರು," ಎಂದ. ಜೆಹ್ರಾ ಹೊದಿಕೆಯನ್ನು ಚೀಲಕ್ಕೆ ಸೇರಿಸಿ ಜಿಪ್ಪು ಎಳೆದಳು. "ಸಾರಿ ಆಂಟಿ, ಅಂಕಲ್ ಆರ್ಡರ್."

ಹನ್ನೆರಡಕ್ಕೆ ಸಭೆ ಮುಗಿಯಿತು. ಮೂವರೂ ಒಟ್ಟಿಗೆ ಹೋದರು. ರಸ್ತೆ ತಿರುವಿನವರೆಗೂ ಅವರ ನಗು ಕೇಳಿಸುತ್ತಿತ್ತು. ಗೆದ್ದವನೂ ಸೋತವನೂ ಅಷ್ಟೊಂದು ಸೇರಿ ನಗುವುದನ್ನು ನಾನು ಕಂಡಿರಲಿಲ್ಲ.

ನಾಲ್ಕು ಗಂಟೆಗೆ ಕೂತು ಗುಂಪಿಗೆ ಬರೆದೆ: "ನೀಲಿಪಟ್ಟಿಯ ಕೊನೆಯ ಕಂತನ್ನು ನಾನು ಓದಿರಲಿಲ್ಲ. ತಮ್ಮನಿಗೆ ಕಟ್ಟಿ ಹೇಳಿದ್ದೆ. ಇವತ್ತು ಅವನು ಓದಿ ನನಗೆ ಹೇಳಿದ. ಅವನು ಹೇಳಿದಂತೆ ನೀಲಿಪಟ್ಟಿ ಹೆಂಗಸು. ನಾನು ನಂಬಿದ್ದೇನೆ." ಎರಡು ಸಲ ಓದಿ, ಕೊನೆಯ ಸಾಲನ್ನು ಅಳಿಸಿದೆ. ಮತ್ತೆ ಬರೆದೆ. ನಾಲ್ಕು ಹತ್ತಕ್ಕೆ ಕಳಿಸಿದೆ.